ಅಳುವ ಮೋಟಾರು

ನಮ್ಮ ಮನೆಯಲ್ಲಿ ಪ್ರತಿಯೊಂದಕ್ಕೂ ಒಂದು ಜಾಗವಿತ್ತು. ಮೋಟಾರಿಗೆ ಮಾತ್ರ ಇರಲಿಲ್ಲ. ಕುಷ್ಟಗಿಯ ಆ ಮಣ್ಣಿನ ಮಾಳಿಗೆಯ ಮನೆಯನ್ನು ಕಟ್ಟಿದ ಹಿರಿಯರು ಎತ್ತು, ಎಮ್ಮೆ, ಜೋಳದ ಹಗೇವು, ದೇವರು, ಬಾಣಂತಿ, ಇಷ್ಟಕ್ಕೆ ಎಣಿಕೆ ಹಾಕಿ ಗೋಡೆ ಎತ್ತಿದ್ದರು. ತಲೆಬಾಗಿಲು ದಾಟಿದರೆ ದನ ಕಟ್ಟುವ ಅಂಕಣ, ಅದರ ಮೇಲೆ ಸೊಂಟದೆತ್ತರದ ಪಡಸಾಲೆ, ಆಚೆಗೆ ಕತ್ತಲ ನಡುಮನೆ, ಅದರ ಮೂಲೆಗೆ ದೇವರ ಕೋಣೆ, ಹಿಂದೆ ಹೊಗೆ ಕುಡಿದು ಕಪ್ಪಾದ ಅಡುಗೆಮನೆ, ಅದಕ್ಕೂ ಹಿಂದೆ ಬಚ್ಚಲು. ಅಪ್ಪ ಹತ್ತಿ, ಶೇಂಗಾ ಅಡತಿ ವ್ಯಾಪಾರ ಮಾಡುತ್ತಿದ್ದ. ಗದಗಿನ ಸಾಹುಕಾರನೊಬ್ಬ ಹೊಸ ಮೋಟಾರು ಕೊಂಡು ಹಳೆಯದನ್ನು ಬೇಡವೆಂದಾಗ, ಅಪ್ಪ ಅದನ್ನು ಮನೆಗೆ ತಂದ. ಅದು ವಯಸ್ಸಿನಲ್ಲಿ ನನಗಿಂತ ಹಿರಿಯದು. ಮಡಚುವ ತಾಡಪತ್ರಿಯ ಮಾಡು, ಕಟ್ಟಿಗೆಯ ಕಡ್ಡಿಗಳ ಗಾಲಿ, ಬದಿಯಲ್ಲಿ ಕಾಲಿಟ್ಟು ಹತ್ತಲು ಉದ್ದನೆಯ ಹಲಗೆ, ಒತ್ತಿದರೆ ಎಮ್ಮೆಕರುವಿನಂತೆ ಕೂಗುವ ರಬ್ಬರಿನ ಹಾರ್ನು. ತಲೆಬಾಗಿಲ ಎದುರಿನ ಅಂಗಳದಲ್ಲಿ ಬಂಡಿಯ ಪಕ್ಕ, ಹೊಟ್ಟಿನ ಕೋಣೆಯ ಗೋಡೆಗೆ ಅದರ ಎಡಮಗ್ಗುಲನ್ನು ಒತ್ತಿ ನಿಲ್ಲಿಸುತ್ತಿದ್ದರು. ನಡೆಸುವವನು ಇಳಿಯುವುದು ಬಲಕ್ಕೆ, ಬಂಡಿ ಹಾಯಲಿಕ್ಕೂ ಜಾಗ ಬೇಕು. ಹಾಗಾಗಿ ಗೋಡೆಗೂ ಮೋಟಾರಿಗೂ ನಡುವೆ ಒಂದು ಬೆಕ್ಕು ತೂರುವಷ್ಟೇ ಸಂದಿ ಉಳಿಯುತ್ತಿತ್ತು.

ಮನೆಯ ಯಜಮಾನ ಅಪ್ಪ ಎಂದು ಊರು ತಿಳಿದಿತ್ತು. ಅದು ಊರಿನ ತಪ್ಪು. ಮನೆ ನಡೆಸುತ್ತಿದ್ದವಳು ಆಯಿ, ಅಪ್ಪನ ತಾಯಿ. ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಸೊಂಟದಲ್ಲಿ ಹಗೇವಿನಿಂದ ಹಿಡಿದು ಬೆಲ್ಲದ ಗಡಿಗೆಯವರೆಗೆ ಎಲ್ಲದರ ಕೀಲಿ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡಬಾರದು. ಅಮಾವಾಸ್ಯೆಗೆ ಬಂಡಿಯನ್ನು ತೊಳೆದು ವಿಭೂತಿ ಬಳಿದು, ಅಚ್ಚಿಗೆ ಕೀಲೆಣ್ಣೆ ಕುಡಿಸಿ, ಕಾಯಿ ಒಡೆದು, ಅಂದು ಅದನ್ನು ಕದಲಿಸದೆ ಬಿಡಬೇಕು. ಮೋಟಾರು ಬಂದ ಮೇಲೆ ಆಯಿ ಅದನ್ನು ಒಂದು ದಿನ ಸುತ್ತು ಹಾಕಿ ನೋಡಿದಳು, ಕೆಳಗೆ ಬಗ್ಗಿ ನೋಡಿದಳು, ಕೊನೆಗೆ ಅಪ್ಪನಿಗೆ ಹೇಳಿದಳು:

"ಮಂದೀನ ಹೊತ್ತು ತಿರಗತೈತಿ ಅಂದ ಮ್ಯಾಲ ಇದೂ ಬಸವಣ್ಣನ. ಸೋಮಾರ ಬ್ಯಾಡ, ಅಮಾಸಿಗೆ ಬ್ಯಾಡ. ಉಳಿದ ದಿನ ಎಲ್ಲಿಗರೆ ಒಯ್ಯಿ."

ಕೊಪ್ಪಳದ ಸ್ಟೇಶನ್ನಿಗೆ ಸೋಮವಾರವೇ ಬಂದಿಳಿದ ವ್ಯಾಪಾರಿಗಳು ನಮ್ಮ ಮೋಟಾರಿಗಾಗಿ ಮಂಗಳವಾರದವರೆಗೆ ಕಾಯಬೇಕಾಗುತ್ತಿತ್ತು. ಅವರು ಬೈದುಕೊಂಡರು, ಆಮೇಲೆ ರೂಢಿ ಮಾಡಿಕೊಂಡರು. ಆಯಿಯ ಮಾತಿಗೆ ನಿಜಾಮರ ಸರ್ಕಾರದ ಅಧಿಕಾರಿಗಳೇ ತಲೆಬಾಗಿ ತಮ್ಮ ದೌರೆಯ, ಎಂದರೆ ಹಳ್ಳಿ ತಿರುಗಾಟದ, ದಿನ ಬದಲಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಮೋಟಾರು ನಡೆಸುತ್ತಿದ್ದವನು ಹುಸೇನಸಾಬ, ಕೊಪ್ಪಳದವನು. ಹಿಂದೆ ಯಾರೋ ದೊಡ್ಡ ಅಧಿಕಾರಿಯ ಗಾಡಿ ನಡೆಸಿ ಕೆಲಸ ಕಲಿತಿದ್ದ. ಮಾತು ಕಡಿಮೆ, ಮೀಸೆ ಹೆಚ್ಚು.

ಆ ವರ್ಷದ ಬೇಸಿಗೆಯಲ್ಲಿ ಮೋಟಾರು ಅಳಲು ಸುರು ಮಾಡಿತು. ಅಳುವುದು ಎಂಬ ಮಾತು ನನ್ನದಲ್ಲ, ಓಣಿಯವರದು. ದೂರದಿಂದ ಬರುವಾಗ ಏನೂ ಇಲ್ಲ. ನಮ್ಮ ಮನೆಯ ಮುಂದೆ ನಿಲ್ಲಿಸಲು ಹುಸೇನಸಾಬ ಬ್ರೇಕು ಒತ್ತಿದ ಕೂಡಲೇ 'ಕ್ಞೀಂ...' ಎಂದು ಹಿಂದಿನಿಂದ ಎದ್ದ ದನಿ ಸಣ್ಣಗಾಗುತ್ತ, ಸಣ್ಣಗಾಗುತ್ತ ಹೋಗಿ ಕೊನೆಗೆ ಬಿಕ್ಕಿದ ಹಾಗೆ ನಿಲ್ಲುತ್ತಿತ್ತು. ಕಟ್ಟಿದ ಎಮ್ಮೆಗಳು ಗೂಟ ಜಗ್ಗುತ್ತಿದ್ದವು. ತೊಟ್ಟಿಲ ಕೂಸುಗಳು ಏಳುತ್ತಿದ್ದವು. ಇನ್ನು ಕೇಳಬೇಕೇ, ಕಾರಣ ಹೇಳುವವರಿಗೆ ಬರಗಾಲವಿರಲಿಲ್ಲ. ಗಾಲಿಯಲ್ಲಿ ಹರಳು ಸಿಕ್ಕಿದೆ ಎಂದರು ಒಬ್ಬರು. ಕಟ್ಟಿಗೆಯ ಕಡ್ಡಿ ಬಿಸಿಲಿಗೆ ಬಿರುಕು ಬಿಟ್ಟಿದೆ ಎಂದರು ಇನ್ನೊಬ್ಬರು. ಹಿಂದಿನ ಸಾಹುಕಾರನ ಮನೆಯಲ್ಲಿ ಯಾರೋ ಅದರಲ್ಲೇ ಪ್ರಾಣ ಬಿಟ್ಟಿದ್ದಾರೆ ಎಂದು ಬಾವಿಕಟ್ಟೆಯ ಮೇಲೆ ಒಬ್ಬಾಕೆ ಕಣ್ಣಾರೆ ಕಂಡವಳಂತೆ ಹೇಳಿದಳು. ಅಪ್ಪನನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಹರಳೂ ಇರಬಹುದು, ಕಡ್ಡಿಯೂ ಇರಬಹುದು ಎನ್ನುತ್ತಿದ್ದ.

ಊರಿಗೆಲ್ಲ ಅದು ಮೋಜು, ನನಗೆ ಪ್ರಾಣಸಂಕಟ. ನಮ್ಮ ಊರಿನ ಸರ್ಕಾರಿ ಸಾಲೆಯಲ್ಲಿ ಆಗ ಎಲ್ಲ ಉರ್ದೂ, ಹುಡುಗಿಯರಿಗೆ ಅಲ್ಲಿ ಜಾಗವೂ ಇಲ್ಲ. ಒಬ್ಬ ಮಾಸ್ತರರು ಗುಡಿಯ ಕಟ್ಟೆಯ ಮೇಲೆ ಕನ್ನಡ ಹೇಳಿಕೊಡುತ್ತಿದ್ದರು. ಅವರಿಗೆ ಗೊತ್ತಿದ್ದುದನ್ನೆಲ್ಲ ನಾನು ಕಲಿತು ಮುಗಿಸಿದ್ದೆ. ಗದಗಿನಲ್ಲಿ ನಮ್ಮತ್ತೆ, ಎಂದರೆ ಆಯಿಯ ಮಗಳು, ಇದ್ದಳು. ಅವಳ ಮನೆಯಲ್ಲಿ ಇದ್ದುಕೊಂಡು ಅಲ್ಲಿಯ ಹೆಣ್ಣುಮಕ್ಕಳ ಸಾಲೆಗೆ ಹೋಗುವುದೆಂದು ಅಪ್ಪ ಅವ್ವ ನಿಶ್ಚಯಿಸಿದ್ದರು. ಮೋಟಾರಿನಲ್ಲಿ ಕೊಪ್ಪಳ, ಅಲ್ಲಿಂದ ರೈಲು. ನನ್ನ ತಗಡಿನ ಟ್ರಂಕು ನಡುಮನೆಗೆ ಬಂದು ಕೂತಿತ್ತು. ಆಗ ಒಂದು ದಿನ ಊಟದ ಹೊತ್ತಿನಲ್ಲಿ, ಅಪ್ಪನ ತಾಟಿಗೆ ರೊಟ್ಟಿ ಹಾಕುತ್ತ ಆಯಿ ತನ್ನ ತೀರ್ಪು ಕೊಟ್ಟಳು.

"ಅಳೋ ಗಾಡ್ಯಾಗ ಹೆಣ್ಣ ಕೂಸು ಹೊಸ್ತಲಾ ದಾಟಬಾರದು. ಕಾರಹುಣ್ಣಿವಿ ಒಳಗ ಅದರ ಅಳು ನಿಲ್ಲಸ್ರಿ, ಕಳಸ್ತೀನಿ. ನಿಲ್ಲಲಿಲ್ಲಂದ್ರ ಈ ಮಾತು ಇಲ್ಲಿಗೆ ಮುಗೀತು. ಇಕಿಗೆ ಗಂಡ ನೋಡೂಣು."

ಅಪ್ಪ ರೊಟ್ಟಿ ಮುರಿಯುತ್ತ ಕೂತ. ಬಂಡಿಯಲ್ಲಿ ಹೋಗುತ್ತೇನೆ ಎಂದು ನಾನು ಅಂದೆ. ಮನೆಯಲ್ಲಿ ಮೋಟಾರು ಇಟ್ಟುಕೊಂಡು ಮಗಳನ್ನು ಬಂಡಿಯಲ್ಲಿ ಕಳಿಸಿದರೆ ಅಪಶಕುನವನ್ನು ನಾವೇ ಒಪ್ಪಿಕೊಂಡ ಹಾಗೆ ಎಂದು ಆಯಿ ಬಾಯಿ ಮುಚ್ಚಿಸಿದಳು. ಅವಳ ತರ್ಕಕ್ಕೆ ನಾಲ್ಕೂ ಕಡೆ ಗೋಡೆ. ನಾನು ಬಚ್ಚಲಲ್ಲಿ ಕೂತು ಅತ್ತೆ. ಅವ್ವ ಬಂದಳು. ಸಮಾಧಾನ ಹೇಳುವ ಪೈಕಿ ಅವಳಲ್ಲ.

"ಅತ್ರ ಅದರ ಜೋಡಿ ನೀನೂ ಅತ್ತಂಗ ಆತು, ಅಷ್ಟs. ಆಯಿ ಏನ ಅಂದ್ರು? ಸಪ್ಪಳ ನಿಂತ್ರ ಕಳಸ್ತೀನಿ ಅಂದ್ರು. ಅಂದ್ರ ಸಪ್ಪಳ ನಿಲ್ಲಸೂದು ನಮ್ಮ ಕೆಲಸ. ಏಳು, ಮಾರಿ ತೊಳಕೊ."

ನನ್ನ ಮುಂದಿನ ಬದುಕಿನಲ್ಲಿ, ಸಾಲೆಯ ಮಾಸ್ತರಣಿಯಾಗಿ, ಎಷ್ಟೋ ಗೋಜಲುಗಳಿಗೆ ತಲೆ ಕೊಟ್ಟಿದ್ದೇನೆ. ಆಗೆಲ್ಲ ನಾನು ಬಳಸಿದ್ದು ಅವ್ವ ಆ ಹದಿನೈದಿಪ್ಪತ್ತು ದಿನಗಳಲ್ಲಿ ಕಲಿಸಿದ ಒಂದೇ ಪಾಠ. ಅವಳು ಅಕ್ಕಿ ಹಸನು ಮಾಡುವಾಗ ಮೊರದಲ್ಲಿ ಎಲ್ಲವನ್ನೂ ಒಮ್ಮೆಗೇ ಕೆದಕುತ್ತಿರಲಿಲ್ಲ; ಒಂದು ಹಿಡಿ ಈ ಕಡೆ ಎಳೆದು, ನೋಡಿ, ಆರಿಸಿ, ಆ ಕಡೆ ದಬ್ಬಿ, ಇನ್ನೊಂದು ಹಿಡಿ ಎಳೆಯುತ್ತಿದ್ದಳು. ಮೋಟಾರಿಗೂ ಅದನ್ನೇ ಮಾಡಿಸಿದಳು. ತಾನು ಅಂಗಳಕ್ಕೆ ಇಳಿದು ಗಂಡಸರ ಜೊತೆ ನಿಲ್ಲುವ ಹಾಗಿರಲಿಲ್ಲ, ಆದ್ದರಿಂದ ಪಡಸಾಲೆಯ ಕಂಬದ ಮರೆಯಿಂದ ಹೇಳಿಕಳಿಸುವಳು. ಓಡಾಡುವ ಕಾಲು, ಕೇಳುವ ಕಿವಿ ನನ್ನವು. ಊರ ಹೊರಗಿನ ಬಯಲಿನಲ್ಲಿ ಹುಸೇನಸಾಬ ಮೋಟಾರು ಮೆಲ್ಲಗೆ ಬಿಡುವನು, ನಾನು ಬದಿಯ ಹಲಗೆಯ ಮೇಲೆ ಕೂತು ಗಾಲಿಯ ಕಡೆ ಕಿವಿ ಬಾಗಿಸುವೆ. ಬಿಸಿಲಿಗೆ ಮುರುಮಿನ ಧೂಳು ಮೂಗು, ಬಾಯಿ, ರೆಪ್ಪೆ ಎಲ್ಲ ತುಂಬಿ, ಮನೆಗೆ ಬರುವಷ್ಟರಲ್ಲಿ ನಾನು ಹಿಟ್ಟಿನ ಗಿರಣಿಯಿಂದ ಬಂದವಳ ಹಾಗೆ ಕಾಣುತ್ತಿದ್ದೆ. ಆಯಿ ನೋಡಿಯೂ ನೋಡದವಳಂತೆ ಇರುವಳು.

ಮೊದಲು ತಿಳಿದದ್ದು, ಬರೀ ಓಡುವಾಗ ಸಪ್ಪಳವಿಲ್ಲ. ಹರಳಾಗಲಿ ಕಡ್ಡಿಯಾಗಲಿ ಆಗಿದ್ದರೆ ಓಡುವಾಗಲೂ ಕೇಳಬೇಕಿತ್ತು. ಎರಡು ಕಾರಣ ಅಲ್ಲಿಗೆ ಆಚೆ ಹೋದವು. ಬ್ರೇಕು ಒತ್ತಿದಾಗ ಮಾತ್ರ ಸಪ್ಪಳ ಎಂದರೆ ಅದು ಬ್ರೇಕಿನದೇ. ಆ ಹಳೆಯ ಮೋಟಾರಿಗೆ ಬ್ರೇಕು ಇದ್ದದ್ದು ಹಿಂದಿನ ಎರಡು ಗಾಲಿಗೆ ಮಾತ್ರ. ಎಡಗಡೆಯ ಹಲಗೆಯ ಮೇಲೆ ಕೂತಾಗ ದನಿ ದೂರ. ಬಲಗಡೆ ಕೂತಾಗ ಕಿವಿಯ ತಮಟೆ ಹರಿಯುವಷ್ಟು ಹತ್ತಿರ. ಮನೆಗೆ ಓಡಿ ಬಂದು ಕಂಬದ ಮರೆಗೆ ಹೇಳಿದೆ, ಹಿಂದಿನ ಬಲಗಾಲಿ ಎಂದು. ಅವ್ವನ ಮುಖ ಅರಳಲಿಲ್ಲ. ಯಾವ ಗಾಲಿ ಎಂಬುದು ಸಿಕ್ಕಿತು, ಯಾಕೆ ಎಂಬುದು ಸಿಗಲಿಲ್ಲ ಎಂದಳು.

ಹುಸೇನಸಾಬ ಗಾಲಿ ಬಿಚ್ಚಿದ. ಗಾಲಿಯ ಒಳಗೆ ಕಬ್ಬಿಣದ ಒಂದು ಡಬ್ಬಿ. ಅದರೊಳಗೆ ಅರ್ಧಚಂದ್ರದ ಎರಡು ಪಟ್ಟಿ. ಬ್ರೇಕು ಒತ್ತಿದರೆ ಪಟ್ಟಿಗಳು ಹಿಗ್ಗಿ, ತಿರುಗುವ ಡಬ್ಬಿಯನ್ನು ಒಳಗಿನಿಂದ ಒತ್ತಿ ಹಿಡಿಯುತ್ತವೆ, ಗಾಡಿ ನಿಲ್ಲುತ್ತದೆ. ಆ ಪಟ್ಟಿಗಳ ಮೇಲೆ ಕರಿ ಅಂಟು, ಬೆಲ್ಲದ ಪಾಕ ಸೀದ ಹಾಗೆ. ಗಾಲಿಯ ನಡುವಿನ ಗ್ರೀಸು ಒಳಗೆ ಸೋರುತ್ತಿದೆ ಎಂದು ಹುಸೇನಸಾಬ ಹೇಳಿದ. ಗದಗಿನಿಂದ ಸೋರುವುದನ್ನು ತಡೆಯುವ ಚರ್ಮದ ಬಿಲ್ಲೆ ತರಿಸಿ ಹಾಕಿದ, ಪಟ್ಟಿಗಳನ್ನು ಪೆಟ್ರೋಲಿನಿಂದ ತಿಕ್ಕಿದ. ಮೋಟಾರು ಸುಮ್ಮನಾಯಿತು. ನಾನು ಟ್ರಂಕಿಗೆ ಲಂಗ ತುಂಬಿದೆ. ಆಯಿ ಶಾವಿಗೆ ಹೊಸೆಯುತ್ತಿದ್ದಳು. ಅಮಾವಾಸ್ಯೆ ಬಂತು, ಆ ದಿನ ಮೋಟಾರಿಗೆ ರಜೆ, ವಿಭೂತಿ, ಕಾಯಿ. ಮಾರನೆಯ ದಿನವೂ ಸಪ್ಪಳವಿಲ್ಲ, ಆದರೆ ಒತ್ತಿದರೆ ಗಾಡಿ ನಿಲ್ಲದೆ ಎಡಕ್ಕೆ ಎಳೆಯುತ್ತಿದೆ ಎಂದು ಹುಸೇನಸಾಬ ಹುಬ್ಬು ಗಂಟಿಕ್ಕಿದ. ಅದಾಗಿ ಕೆಲವೇ ದಿನ. ತಹಶೀಲ್ ಕಚೇರಿಯ ಮುಂದೆ ಅದು ಮತ್ತೆ ಬಿಕ್ಕಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಟ್ರಂಕಿನ ಲಂಗಗಳು ಹೊರಗೆ ಬಂದವು.

"ಹಣೇಬರಾ" ಎಂದ ಅಪ್ಪ.

ಒಳಗಿನಿಂದ ಅವ್ವನ ದನಿ ಬಂತು, ಅಂಗಳದಲ್ಲಿ ಗಂಡಸರಿರುವಾಗ ಅವಳು ದನಿ ತೆಗೆದದ್ದು ಅದೇ ಮೊದಲು.

"ಹಣೇಬರಾ ಬಲಗಾಲಿಗೆ ಅಷ್ಟs ಬರದಿರತೈತೇನು? ಎಡಗಾಲೀನೂ ಅಷ್ಟs ಹಳೇದು. ಅದರ ಗ್ರೀಸು ಯಾಕ ಸೋರಂಗಿಲ್ಲ? ಇನ್ನೊಮ್ಮೆ ಬಿಚ್ಚಲಿ. ಒರಸಿದ ಅರಿವೀನ ನನ್ನ ಕಡೆ ಕಳಸ್ರಿ."

ಬಟ್ಟೆ ತಂದವಳು ನಾನು. ಕೈಯಲ್ಲಿ ಹಿಡಿದು ಪಡಸಾಲೆ ಹತ್ತುವಾಗ ವಾಸನೆ ಬಡಿಯಿತು. ಪೆಟ್ರೋಲಿನ ಘಾಟಿನ ಕೆಳಗೆ ಇನ್ನೊಂದು ವಾಸನೆ, ನನ್ನದೇ ತಲೆಯ ವಾಸನೆ. ವಾರಕ್ಕೊಮ್ಮೆ ಆಯಿ ನನ್ನನ್ನು ತೊಡೆಯ ನಡುವೆ ಇರುಕಿಕೊಂಡು, ಕಣ್ಣಿಗೆ ಇಳಿಯುವಷ್ಟು ಸುರಿದು, ಕೂದಲ ಬುಡಕ್ಕೆ ತಟ್ಟುತ್ತಿದ್ದಳಲ್ಲ, ಆ ಔಡಲೆಣ್ಣೆ. ಮನೆಯಲ್ಲೇ ಕಾಯಿಸಿ ಇಳಿಸಿದ ಅದರ ಕನರು ವಾಸನೆ ಬೇರೆ ಯಾವುದಕ್ಕೂ ಇಲ್ಲ. ಬಂಡಿಯ ಕೀಲೆಣ್ಣೆಗೆ ಅದೇ ಔಡಲೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸುತ್ತಿದ್ದರು. ನಾನು ಬಟ್ಟೆಯನ್ನು ಅವ್ವನ ಮೂಗಿಗೆ ಹಿಡಿದೆ. ಅವಳು ಮೂಸಿದಳು, ನನ್ನನ್ನು ನೋಡಿದಳು. ಇಬ್ಬರೂ ಒಟ್ಟಿಗೆ ಅಂಗಳದ ಕಡೆ ನೋಡಿದೆವು. ಗೋಡೆಗೆ ಒತ್ತಿ ನಿಂತ ಎಡಗಾಲಿಯ ಹತ್ತಿರ ಬೆಕ್ಕು ಮಾತ್ರ ಹೋಗಬಲ್ಲದು. ಬಲಗಾಲಿಯ ಡಬ್ಬಿಯಲ್ಲಿ, ಪಟ್ಟಿ ಎಷ್ಟು ಸವೆದಿದೆ ಎಂದು ಇಣುಕಿ ನೋಡಲು ಮಾಡಿದ, ಮುಚ್ಚಳ ಎಂದೋ ಬಿದ್ದುಹೋದ ತೂತು ಬಾಯಿ ತೆರೆದುಕೊಂಡು ನಿಂತಿತ್ತು.

ಇದರಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಅಮಾವಾಸ್ಯೆಯ ಬೆಳಗ್ಗೆ ಆಯಿ ಬಂಡಿಯ ಅಚ್ಚಿಗೆ ಎಣ್ಣೆ ಹಾಕಿ, ಅದೇ ಸೌಟಿನಿಂದ ಪಕ್ಕದ ಮೋಟಾರಿನ ಗಾಲಿಗೂ ಕುಡಿಸುತ್ತಿದ್ದಳು. ಹಾಲು ಕರೆಯಲು ಹೋದವರು, ಕಸ ಹೊಡೆಯುವವರು, ಎಲ್ಲರೂ ಅದನ್ನು ಕಂಡವರೇ; ರಜೆಯ ದಿನವೆಂದು ಹುಸೇನಸಾಬನೊಬ್ಬ ಇರುತ್ತಿರಲಿಲ್ಲ. ಯಾರೂ ಮುಚ್ಚಿಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ. ಗಾಲಿ ಎಂದ ಮೇಲೆ ಎಣ್ಣೆ ಹಾಕುತ್ತಾರೆ, ಕಿರುಗುಟ್ಟಿದರೆ ಇನ್ನಷ್ಟು ಹಾಕುತ್ತಾರೆ. ಅದು ಅತ್ತಷ್ಟೂ ಅವಳು ಕುಡಿಸಿದ್ದಳು, ಕುಡಿಸಿದಷ್ಟೂ ಅದು ಅತ್ತಿತ್ತು.

ಗೆದ್ದೆ ಎಂದು ಕುಣಿಯಬೇಕಿತ್ತು ನಾನು. ಬದಲಿಗೆ ಬಟ್ಟೆಯನ್ನು ಮಡಚಿ ಹಿಡಿದು ಅಲ್ಲೇ ಕೂತೆ. ಕಾರಣ ಹೇಳಿದರೆ ಆಯಿಗೆ ಮಗನ ಮುಂದೆ, ಹುಸೇನಸಾಬನ ಮುಂದೆ, ಇಡೀ ಓಣಿಯ ಮುಂದೆ ಅವಮಾನ. ಹೇಳದಿದ್ದರೆ ಮುಂದಿನ ಅಮಾವಾಸ್ಯೆಗೆ ಮತ್ತೆ ಸೌಟು. ಕಾರಹುಣ್ಣಿವೆ ಕಣ್ಣ ಮುಂದೆ ಇತ್ತು. ನೀನು ಹೇಳು ಎಂದು ಅವ್ವನಿಗೆ ಗೋಗರೆದೆ.

"ಸೊಸಿ ಹೇಳಿದ್ರ ಅದು ಜಗಳ ಆಗತೈತಿ. ಮಗ ಹೇಳಂಗಿಲ್ಲ, ನಿನಗ ಗೊತ್ತs ಐತಿ. ಸಾಲಿ ಯಾರದು? ಯಾರದೋ ಅವರs ಹೇಳಬೇಕು. ಹೋಗು."

ಆಯಿ ಪಡಸಾಲೆಯಲ್ಲಿ ಶಾವಿಗೆಯ ಕೋಲು ಬಿಸಿಲಿಗೆ ತಿರುವಿ ಇಡುತ್ತಿದ್ದಳು. ನಾನು ಬಟ್ಟೆಯನ್ನು ಅವಳ ಮುಂದೆ ಇಟ್ಟೆ. ಸುತ್ತಿ ಬಳಸಿ ಹೇಳಲು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

"ಆಯಿ, ಮೋಟಾರ್ ಅಳೂದು ನಿನ್ನ ಎಣ್ಣಿಗೆ."

ಅವಳು ಬಟ್ಟೆ ಮೂಸಿದಳು. ಕೈ ಎತ್ತಿದಳು, ಬಡಿಯುತ್ತಾಳೆಂದು ಕಣ್ಣು ಮುಚ್ಚಿದೆ. ಬಡಿತ ಬೀಳಲಿಲ್ಲ. ಕಣ್ಣು ತೆರೆದರೆ ಅವಳು ಸೆರಗು ಸಿಕ್ಕಿಸಿ ಅಂಗಳಕ್ಕೆ ಇಳಿಯುತ್ತಿದ್ದಳು. ಬಿಚ್ಚಿಟ್ಟ ಗಾಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಅಪ್ಪ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದ.

"ಹುಸೇನಾ, ಇದರಾಗ ತಿರಗೂದು ಯಾವುದು, ಹಿಡಿಯೂದು ಯಾವುದು? ಕೈ ಹಚ್ಚಿ ತೋರಸು."

"ಡಬ್ಬಿ ತಿರಗತೈತ್ರಿ ಅಮ್ಮಾರ. ಈ ಪಟ್ಟಿ ಹಿಡೀತಾವ್ರಿ. ಎರಡೂ ಒಂದಕ್ಕೊಂದು ತಿಕ್ಕಿದ್ರs ಗಾಡಿ ನಿಲ್ಲತೈತ್ರಿ."

"ಬಂಡಿ ಅಚ್ಚು ತಿಕ್ಕಬಾರದು ಅಂತ ಎಣ್ಣಿ. ಇದು ತಿಕ್ಕಲಿ ಅಂತನs ಮಾಡ್ಯಾರ?"

"ಹೌದ್ರಿ."

"ಹಂಗಾರ ನಾನು ಹಿಡಿಯೋ ಕೈಗೆ ಎಣ್ಣಿ ಹಚ್ಚೀನಿ."

ಅಷ್ಟೇ. ದೇವರ ಮೇಲೆ ಹಾಕಲಿಲ್ಲ, ಸೊಸೆಯ ಮೇಲೆ ಹಾಕಲಿಲ್ಲ. ಅಂಥ ಗಟ್ಟಿ ಹೆಂಗಸು ತನ್ನ ತಪ್ಪನ್ನು ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ನೋಡಿ ನನಗೆ ಅವಳ ಮೇಲೆ ಇನ್ನಿಲ್ಲದ ಪ್ರೀತಿ ಉಕ್ಕಿತು. ಪೆಟ್ರೋಲಿನಿಂದ ತಿಕ್ಕಿದರೆ ಮೇಲಿನದು ಹೋಗುತ್ತದೆ, ಒಳಗೆ ಹೀರಿಕೊಂಡದ್ದು ಕಾದಾಗ ಮತ್ತೆ ಒಸರುತ್ತದೆ, ಹೊಸ ಪಟ್ಟಿ ಬರಲು ತಡವಾಗುತ್ತದೆ ಎಂದು ಹುಸೇನಸಾಬ ಹೇಳಿದ. ಎಣ್ಣೆ ಹೀರಿದ್ದನ್ನು ಬಿಡಿಸುವುದು ತನಗೆ ಬಿಡು ಎಂದಳು ಆಯಿ. ಕಬ್ಬಿಣಕ್ಕೆ ಕೂತ ಆ ಪಟ್ಟಿಗಳನ್ನು ತಾನೇ ಒಯ್ದು ಬಚ್ಚಲ ಒಲೆಯ ಕೆಂಡದ ಮೇಲೆ ಇಟ್ಟಳು. ಹುಸೇನಸಾಬ ಬಚ್ಚಲ ಕಿಂಡಿಯ ಹೊರಗೆ ನಿಂತು, ಸುಡಬಾರದು, ಬೆವರಬೇಕು ಎಂದು ಹೇಳಿಕೊಡುವನು. ಪಟ್ಟಿಯಿಂದ ಎಣ್ಣೆ ಜಿನುಗಿ ಹೊಗೆ ಏಳುವುದು. ಆಯಿ ಇಕ್ಕಳದಲ್ಲಿ ಎತ್ತಿ, ಅಗಸರು ಬಳಸುವ ಚೌಳು ಮಣ್ಣು ಉದುರಿಸಿ, ತಿಕ್ಕಿ, ಒದರಿ, ಮತ್ತೆ ಕೆಂಡಕ್ಕೆ. ಮನೆಯೆಲ್ಲ ಔಡಲೆಣ್ಣೆಯ ಹೊಗೆ. ಅಂದಿನ ರೊಟ್ಟಿಯೂ ಅದೇ ವಾಸನೆ, ಮಜ್ಜಿಗೆಯೂ ಅದೇ. ಕೆಮ್ಮುತ್ತ, ಕಣ್ಣೊರೆಸುತ್ತ, ಸಂಜೆಯವರೆಗೂ ಅವಳು ಒಲೆ ಬಿಟ್ಟು ಏಳಲಿಲ್ಲ. ನಾನು ಇಕ್ಕಳ ಹಿಡಿಯುತ್ತೇನೆಂದರೂ ಕೊಡಲಿಲ್ಲ. ಮಾರನೆಯ ದಿನ ಹುಸೇನಸಾಬ ಪಟ್ಟಿ ಜೋಡಿಸಿದ, ಡಬ್ಬಿಯ ತೂತಿಗೆ ತಗಡಿನ ಬಿಲ್ಲೆ ಬಡಿದ.

ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ನೋಡೋಣ ಎಂದು ಅಪ್ಪ ಹೊರಟ. ನಾನು ಹಲಗೆಯ ಮೇಲೆ ಕಾಲಿಟ್ಟಿದ್ದೆ. ಆಯಿ ನನ್ನನ್ನು ರಟ್ಟೆ ಹಿಡಿದು ಕೆಳಗೆ ಇಳಿಸಿದಳು.

"ಕೂಸಿನ್ನ ಕುಂದರಸಿ ನೋಡಬ್ಯಾಡ್ರಿ. ಕೆಡಿಸಿದಾಕಿ ನಾನು. ಮೊದಲ ನಾನು ಕುಂದರ್ತೀನಿ."

ಅವಳು ಅದುವರೆಗೆ ಒಮ್ಮೆಯೂ ಮೋಟಾರು ಹತ್ತಿದವಳಲ್ಲ. ಬೇಡ ಯವ್ವಾ ಎಂದು ಅಪ್ಪ ಬಾಯಿ ತೆರೆದ, ಮುಚ್ಚಿದ. ಹಿಂದಿನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ, ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮಾತ್ರ ತೆರೆದುಕೊಂಡೇ ಕೂತಳು. ನಾನು, ಅಪ್ಪ ದಿಬ್ಬದ ಮೇಲೆ ನಿಂತೆವು. ಓಣಿಯ ಅರ್ಧ ಮಂದಿ ಅಲ್ಲಿದ್ದರು. ಮೋಟಾರು ಇಳಿಜಾರಿನಲ್ಲಿ ಓಡಿತು, ಧೂಳು ಎದ್ದಿತು, ಹಳ್ಳದ ಅಂಚು ಹತ್ತಿರ ಬಂತು. ನನ್ನ ಸಾಲೆ ಆ ಕ್ಷಣ ನನಗೆ ನೆನಪಿರಲಿಲ್ಲ. ಆಯಿ, ಆಯಿ ಎಂದಷ್ಟೇ ಬಾಯಲ್ಲಿ ಬರುತ್ತಿತ್ತು. ಮೋಟಾರು ನಿಂತಿತು. ಧೂಳು ಮುಂದೆ ಹೋಯಿತು, ಅದು ಅಲ್ಲೇ ಉಳಿಯಿತು. ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಎಂದು ಆಯಿ ಕೈಬೀಸಿ ಹೇಳಿದ್ದು ಕಂಡಿತು. ಮೇಲೆ ಬಂದು ಮತ್ತೆ ಇಳಿದರು, ಮತ್ತೆ ಸುಮ್ಮನೆ ನಿಂತಿತು. ಮೂರನೆಯ ಸಲ ಅವಳು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಇಳಿದು, ನಿಂತು, ಮನೆಯ ಕಡೆ ತಿರುಗಿದೆವು. ಊರ ಬಾಗಿಲ ಹತ್ತಿರ ಬಂದಾಗ ನಾನು ಹೆದರಿಕೆಯಿಂದಲೇ ಕೇಳಿದೆ.

"ಈಗ ಕಳಸ್ತೀಯಲಾ ಆಯಿ?"

ಅವಳು ನನ್ನನ್ನು ನೋಡಲಿಲ್ಲ, ದಾರಿಯನ್ನೇ ನೋಡುತ್ತಿದ್ದಳು.

"ನಿಮ್ಮತ್ತಿ ಲಗ್ನಾಗಿ ಇದs ದಾರಿ ಹಿಡದು ಗದಗಿಗೆ ಹೋದಾಗ ನಿನ್ನಷ್ಟs ಇದ್ದಳು. ಆಮ್ಯಾಲ ಬಂದಾಗೆಲ್ಲಾ ನಾಕ ದಿನದ ಮಟ್ಟಿಗೆ ಪಾವಣ್ಯಾರಂಗ ಬಂದ್ಲು, ಪಾವಣ್ಯಾರಂಗ ಹೋದ್ಲು. ಸಪ್ಪಳ ಐತಿ ಅಂದಾಗ ನನಗ ಒಂದು ನೆವಾ ಸಿಕ್ಕಿತ್ತು. ಈಗ ಅದೂ ಇಲ್ಲ. ಹೋಗವಾ, ಛಲೋತಂಗ ಕಲಿ."

ಹಾಗೆಂದಳು. ಆದರೆ ನನ್ನ ಮುಂಗೈ ಹಿಡಿದಿದ್ದ ಅವಳ ಕೈ ಮನೆ ಮುಟ್ಟುವವರೆಗೂ ಸಡಿಲಾಗಲಿಲ್ಲ.